ಎಷ್ಟು ಸೆಂಟು, ಮೋಡಣ್ಣ?

ಫೆಬ್ರವರಿ ಅರ್ಧ ಕಳೆಯಿತೆಂದರೆ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆ ಯಾರೂ ಎದುರಿಗಿರುವವರ ಮುಖ ನೋಡಿ ಮಾತಾಡುವುದಿಲ್ಲ. ಮದುವೆ ಊಟಕ್ಕೆ ಕೂತವರು ಶಾಮಿಯಾನದ ಸಂದಿಯಲ್ಲಿ ಆಕಾಶ ಹುಡುಕುತ್ತಾರೆ. ಸೊಸೈಟಿಗೆ ಗೊಬ್ಬರ ಕೇಳಲು ಬಂದವರು ಕೌಂಟರಿಗೆ ಬೆನ್ನು ಹಾಕಿ ಬಾಗಿಲಲ್ಲಿ ನಿಂತಿರುತ್ತಾರೆ. ಸಾವಿನ ಮನೆಗೆ ಹೋದವರು ಕೂಡ "ಏನಾಗಿತ್ತಂತೆ?" ಎಂದು ಕೇಳಿ, ಉತ್ತರ ಬರುವಷ್ಟರಲ್ಲಿ ಅಂಗಳಕ್ಕಿಳಿದು ಹಣೆಗೆ ಕೈ ಅಡ್ಡ ಹಿಡಿದಾಗಿರುತ್ತದೆ.

ಮೇಲೆ ನೋಡುವ ಈ ಚಟಕ್ಕೆ ಕಾರಣ ಕೆಳಗಿದೆ. ಕಾಫಿ ಗಿಡದಲ್ಲಿ ಮೊಗ್ಗು ಕಟ್ಟಿಕೊಂಡು ಕಾಯುತ್ತಿರುತ್ತದೆ. ಅದು ಅರಳಲು ಸುಮಾರು ಒಂದು ಇಂಚು ಮಳೆ ಬೇಕು. ರೊಬಸ್ಟಾಕ್ಕೆ ಫೆಬ್ರವರಿ ಮಾರ್ಚಿನಲ್ಲಿ, ಅರೇಬಿಕಾಕ್ಕೆ ಮಾರ್ಚ್ ಏಪ್ರಿಲ್‌ನಲ್ಲಿ. ಇದು ಹೂಮಳೆ. ಅದಾಗಿ ಎರಡು ಮೂರು ವಾರದಲ್ಲಿ ಇನ್ನೊಂದು ಮಳೆ ಬಂದು ಕಾಯಿ ಕಚ್ಚಿಸಬೇಕು, ಅದು ಬ್ಯಾಕಿಂಗ್. ದೇಶವೆಲ್ಲ ಮಿಲಿಮೀಟರಿಗೆ ಹೋಗಿ ಎಷ್ಟೋ ಕಾಲವಾದರೂ ನಮ್ಮ ತೋಟಗಳ ರೇನ್‌ಗೇಜು ಇನ್ನೂ ಇಂಚಿನಲ್ಲೇ ಇದೆ, ಇಂಚಿಗೆ ನೂರು ಸೆಂಟು. ಮಳೆ ಬಿದ್ದ ಮರುದಿನ ಬೆಳಿಗ್ಗೆ ಕಾಫಿ ಕುಡಿಯುವ ಮೊದಲೇ ಫೋನುಗಳು ಶುರು.

"ನಿಮ್ಮಲ್ಲಿ ಎಷ್ಟು?"

"ಎಪ್ಪತ್ತು. ನಿಮ್ಮಲ್ಲಿ?"

"ಹದಿನೈದೇ ಮಾರಾಯ. ರಸ್ತೆ ಆಚೆಗೆ ಒಂದೂಕಾಲು ಇಂಚಂತೆ."

ಈ ರಸ್ತೆ ಆಚೆ ಎಂಬ ಜಾಗದಲ್ಲಿ ಯಾವಾಗಲೂ ಮಳೆ ಜಾಸ್ತಿ. ನಾನು ರಸ್ತೆಯ ಎರಡೂ ಕಡೆಯವರನ್ನು ವಿಚಾರಿಸಿದ್ದೇನೆ, ಇಬ್ಬರಿಗೂ ಅದು ಆಚೆಯೇ. ಹದಿನೈದು ಸೆಂಟು ಬಿದ್ದವನ ಪಾಡು ಏನೂ ಬೀಳದವನಿಗಿಂತ ಕಷ್ಟ. ಮೊಗ್ಗಿಗೆ ಅರ್ಧ ಎಚ್ಚರವಾಗಿರುತ್ತದೆ, ಪೂರ್ತಿ ಅರಳಲು ನೀರು ಸಾಲದು. ಅವನು ಅವತ್ತೇ ಸ್ಪ್ರಿಂಕ್ಲರ್ ಪೈಪು ಎಳೆಸಿ, ಕೆರೆಯ ಹತ್ತಿರ ಡೀಸೆಲ್ ಪಂಪು ಇಡಿಸಿ, ದೇವರು ಬಾಕಿ ಉಳಿಸಿದ ಎಂಬತ್ತೈದು ಸೆಂಟನ್ನು ತಾನೇ ಸುರಿಯಬೇಕು.

ಇಂಥ ನಾಡಿನಲ್ಲಿ ಇದೇ ಆಕಾಶವನ್ನು ಇಷ್ಟೇ ಆತಂಕದಿಂದ ನೋಡುತ್ತ, ತಲೆಯಲ್ಲಿ ಮಾತ್ರ ಒಂದು ಸೆಂಟು ಮಳೆಯೂ ಇಲ್ಲದೆ ನಿಂತ ಮನುಷ್ಯ ಹೋಬಳಿಗೊಬ್ಬರಂತೆ ಸಿಗುತ್ತಾರೆ. ಬಣಕಲ್ಲಿಗೊಬ್ಬರು, ಆಲ್ದೂರಿಗೊಬ್ಬರು, ಕಳಸಕ್ಕೊಬ್ಬರು. ಎಲ್ಲರಿಗೂ ಮೋಡಣ್ಣ ಎಂಬ ಒಂದೇ ಹೆಸರು ಸಾಕು. ನನಗೆ ಹತ್ತಿರದಿಂದ ಗೊತ್ತಿರುವ ಮೋಡಣ್ಣ ನಮ್ಮ ಪಕ್ಕದ ತೋಟದವರು. ಅರವತ್ತರ ಹತ್ತಿರದ ವಯಸ್ಸು, ಅಪ್ಪನ ಕಾಲದ ತೋಟ, ಬೆಂಗಳೂರಿನಲ್ಲಿ ಮಗಳು. ಜೀಪಿನ ಹಿಂದೆ ಸುಣ್ಣ ಬೆರೆಸಿ ಬೋರ್ಡೋ ಔಷಧಿ ಕಲಸುವ ಡ್ರಮ್ಮು, ಅದರ ಪಕ್ಕದಲ್ಲಿ ಹಳೇ ಕಂಬಳಿ ಸುತ್ತಿದ ಟ್ರೈಪಾಡು. 2025ರ ಆರಂಭದಲ್ಲಿ ಕಾಫಿ ಬೆಲೆ ಹಿಂದೆಂದೂ ಕಾಣದಷ್ಟು ಏರಿದಾಗ ಊರಿನವರೆಲ್ಲ ಥಾರ್ ಜೀಪು ತಗೊಂಡರೆ ಇವರು ಲೆನ್ಸ್ ತಗೊಂಡರು. ಲೆನ್ಸಿನ ರೇಟು ಮನೆಯಲ್ಲಿ ಇನ್ನೂ ಗೊತ್ತಿಲ್ಲ. "ಹಳೇದನ್ನೇ ರಿಪೇರಿ ಮಾಡಿಸಿದೆ" ಎಂದು ಹೇಳಿಟ್ಟಿದ್ದಾರೆ.

ಬೆಳಗಿನ ಜಾವ ಐದಕ್ಕೆ ಅವರ ಮನೆಯ ನಾಯಿ ಬೊಗಳಿದರೆ ಕಳ್ಳ ಬಂದನೆಂದು ಈಗ ಯಾರೂ ಏಳುವುದಿಲ್ಲ. ಮೋಡಣ್ಣ ಗುಡ್ಡ ಹತ್ತುತ್ತಿದ್ದಾರೆ ಎಂದು ಮಗ್ಗುಲು ಬದಲಿಸುತ್ತಾರೆ. ಬೇಸಗೆ ಹತ್ತಿರವಾದಂತೆ ಹುಲ್ಲಿನಲ್ಲಿ ಉಣುಗು ಹೆಚ್ಚು. ಮಂಗನ ಕಾಯಿಲೆಯ ಭಯವೂ ಇದೆ. ಅದಕ್ಕೆ ಮೋಡಣ್ಣನವರ ಹೆಂಡತಿ, ನಮ್ಮ ಅತ್ತಿಗೆ, ಆರೋಗ್ಯ ಇಲಾಖೆಯವರು ಹಂಚಿದ ಡೆಪಾ ಎಣ್ಣೆಯನ್ನು ಕೈಕಾಲಿಗೆ ತಿಕ್ಕಿಯೇ ಕಳಿಸುತ್ತಾರೆ. ಹೀಗಾಗಿ ಮೋಡಣ್ಣನವರ ಕೆಲವು ಸೂರ್ಯೋದಯಗಳಲ್ಲಿ ಬಲಗಡೆ ಮೂಲೆಯಲ್ಲಿ ಒಂದು ವಿಶೇಷ ಮಬ್ಬು ಇರುತ್ತದೆ. ಗೊತ್ತಿಲ್ಲದವರು ಅದನ್ನು ಮಂಜು ಎಂದು ಮೆಚ್ಚಿಕೊಂಡಿದ್ದಾರೆ.

ಮಂಜೇನೂ ಕಮ್ಮಿಯಿಲ್ಲ ಬಿಡಿ. ಫೆಬ್ರವರಿಯ ತಿಳಿ ರಾತ್ರಿಯಲ್ಲಿ ನೆಲ ಬೇಗ ತಣ್ಣಗಾಗಿ, ಭಾರವಾದ ತಂಗಾಳಿ ಗುಡ್ಡದ ಮೈಯಿಂದ ಇಳಿದು ಕಣಿವೆಯಲ್ಲಿ ಕೂತು ಮಂಜು ಕಟ್ಟುತ್ತದೆ. ದೇವರಮನೆಯ ಕಾಲಭೈರವೇಶ್ವರನ ಗುಡಿಯ ಹತ್ತಿರ ಬೆಳಿಗ್ಗೆ ನಿಂತರೆ ಕಾಲ ಕೆಳಗೆ ಬೆಳ್ಳಗೆ ಹರಡಿಕೊಂಡಿರುವುದು ಅದೇ. ಪ್ರವಾಸಿಗಳು ಅದನ್ನು ಮೋಡ ಎನ್ನುತ್ತಾರೆ. ಮೋಡಣ್ಣ ತಿದ್ದುತ್ತಾರೆ. ತಿದ್ದಿಸಿಕೊಂಡವರು ಸ್ವಲ್ಪ ದೂರ ಹೋಗಿ ಮತ್ತೆ ಮೋಡ ಎನ್ನುತ್ತಾರೆ.

ಸೂರ್ಯ ಹುಟ್ಟುವ ಜಾಗದ ಲೆಕ್ಕದಲ್ಲಂತೂ ಅವರು ಪಂಚಾಂಗದವರಿಗಿಂತ ಮುಂದೆ. ಡಿಸೆಂಬರ್ ಕೊನೆಗೆ ದಕ್ಷಿಣಕ್ಕೆ ವಾಲಿಕೊಂಡು ಹುಟ್ಟುತ್ತಿದ್ದವನು ಮಾರ್ಚ್ 20ರ ಸುಮಾರಿಗೆ ನೇರ ಪೂರ್ವಕ್ಕೆ ಬರುತ್ತಾನೆ. ಆ ದಿನಗಳಲ್ಲಿ ಹುಟ್ಟುವ ಜಾಗ ದಿನಕ್ಕೆ ಅವನ ಅಗಲದ ಮುಕ್ಕಾಲು ಪಾಲಿನಷ್ಟು ಉತ್ತರಕ್ಕೆ ಸರಿಯುತ್ತದೆ. ಇವತ್ತು ಸಿಲ್ವರ್ ಮರದ ಬಲಕ್ಕೆ ಕಂಡವನು ನಾಳಿದ್ದು ಎಡಕ್ಕೆ. ಅಂಚು ಕಂಡಲ್ಲಿಂದ ಪೂರ್ತಿ ಮೇಲೆ ಬರಲು ನಮ್ಮ ಕಡೆ ಎರಡು ನಿಮಿಷ ಚಿಲ್ಲರೆ. ಇಷ್ಟರಲ್ಲಿ ಬ್ಯಾಟರಿ ಸತ್ತರೆ, ಮೆಮೊರಿ ಕಾರ್ಡು ತುಂಬಿದರೆ, ಫೋನಿನಲ್ಲಿ ಯಾರಾದರೂ "ನಿಮ್ಮಲ್ಲಿ ಎಷ್ಟು?" ಎಂದರೆ, ಆವತ್ತಿನ ಸೂರ್ಯ ಹೋದ.

ಈ ಜ್ಞಾನ ತೋಟಕ್ಕೂ ಇಳಿದಿದೆ. ಮರಗಸಿ ಎಂದರೆ ಕಾಫಿಗೆ ಬೇಕಾದಷ್ಟು ಬಿಸಿಲು ಬಿಟ್ಟು, ಬೇಕಾದಷ್ಟು ನೆರಳು ಉಳಿಸಿ ಕೊಂಬೆ ಕಡಿಯುವ ಕೆಲಸ. ಅದರಲ್ಲಿ ಪಳಗಿದವರು ಈಗ ಸಿಗುವುದೇ ಕಷ್ಟ. ಮೋಡಣ್ಣನವರ ತೋಟದಲ್ಲಿ ಮರಗಸಿ ನಡೆಯುವುದು ಸೂರ್ಯಾಸ್ತದ ಅನುಕೂಲ ನೋಡಿ.

"ಆ ಹತ್ತಿಮರದ ಪಡುವಲ ಕೊಂಬೆ ತೆಗಿ."

"ಅದು ತೆಗೆದ್ರೆ ಕೆಳಗಿನ ಅರೇಬಿಕಾ ಸುಟ್ಟೋಗ್ತದೆ ಗೌಡ್ರೇ," ಎಂದರು ಮೇಸ್ತ್ರಿ.

"ಹೋಗ್ಲಿ. ಫ್ರೇಮು ತೆರೀತದೆ."

ಮೇಸ್ತ್ರಿ ಮರದ ಮೇಲಿದ್ದವನಿಗೆ ಕೂಗಿ ಹೇಳಿದರು: "ಕೊಂಬೆ ತೆಗಿ ಅಂತೆ. ಫ್ರೇಮು ಬರ್ತದಂತೆ." ಫ್ರೇಮು ಎಂದರೆ ಕೀಟವೋ ರೋಗವೋ ಆಳುಗಳಿಗೆ ಗೊತ್ತಾಗಲಿಲ್ಲ. ಆದರೆ ಮುಂದಿನ ಬೇಸಗೆಗೆ ಅಷ್ಟೂ ಗಿಡ ಕೆಂಪಾಗಿ ಎಲೆ ಉದುರಿಸಿದ್ದರಿಂದ ಅದೊಂದು ರೋಗವೇ ಇರಬೇಕೆಂದು ತೀರ್ಮಾನವಾಯಿತು. ರೈಟರ ಪುಸ್ತಕದಲ್ಲಿ ಈಗ ಆ ತುಂಡಿಗೆ 'ಪ್ರೇಮು ಬ್ಲಾಕು' ಎಂದೇ ಹೆಸರು. ಇಳುವರಿ ಕಾಲಂ ಖಾಲಿ.

ಅತ್ತಿಗೆ ಹಾಗೆ ನೋಡಿದರೆ ಸಹನೆಯ ಮನುಷ್ಯೆ. ಅವರ ಸಹನೆ ಮುಗಿಯುವುದು ಕಣದಲ್ಲಿ. ರೊಬಸ್ಟಾ ಕುಯ್ಲು ಮುಗಿಯುವುದೇ ಫೆಬ್ರವರಿಗೆ. ಹಣ್ಣು ಕಣದ ಮೇಲೆ ಹರಡಿ ಒಣಗುತ್ತಿರುತ್ತದೆ. ಮಜಾ ನೋಡಿ, ಗಿಡಕ್ಕೆ ಮಳೆ ಬೇಕು, ಕಣಕ್ಕೆ ಮಳೆ ಬೇಡ. ಒಂದೇ ಮನೆಯವರು ಒಂದೇ ದೇವರಿಗೆ ಒಂದೇ ದಿನ ಎರಡು ಅರ್ಜಿ ಹಾಕುವ ಕಾಲ ಅದು. ಮಧ್ಯಾಹ್ನ ಮೂರಕ್ಕೆ ಪಡುವಲಲ್ಲಿ ಗುಡುಗಿದರೆ ಮನೆಯ ಹೆಂಗಸರು, ಆಳುಗಳು, ಬಂದ ನೆಂಟರು ಎಲ್ಲ ಸೇರಿ ಕಾಫಿ ಗುಡ್ಡೆ ಎಳೆದು ಟಾರ್ಪಾಲು ಹೊದಿಸಬೇಕು. ಅಂಥ ಒಂದು ಮಧ್ಯಾಹ್ನ ನಾನೂ ಅಲ್ಲಿ ಇದ್ದೆ, ಒಂದು ಮೂಲೆ ಹಿಡಿದುಕೊಂಡಿದ್ದೆ. ಮೋಡಣ್ಣ ಗೋಡೌನಿನ ತಾರಸಿಯ ಮೇಲಿದ್ದರು.

"ಇನ್ನೈದು ನಿಮಿಷ ಟಾರ್ಪಾಲು ಎಳೀಬೇಡಿ! ಆ ನೀಲಿ ಫ್ರೇಮಲ್ಲಿ ಬರ್ತಾ ಉಂಟು!"

ಅತ್ತಿಗೆ ತಲೆಯೆತ್ತಲಿಲ್ಲ. "ನಿಮ್ಮಣ್ಣನಿಗೆ ಹೇಳಿ, ಏಣಿ ತೆಗೀತಾ ಇದೀನಿ ಅಂತ," ಎಂದು ನನಗೆ ಹೇಳಿದರು. ನಿಜವಾಗಿಯೂ ತೆಗೆಸಿದರು. ಮಳೆ ಇಪ್ಪತ್ತು ಸೆಂಟು ಬಂತು. ಅಷ್ಟನ್ನೂ ಮೋಡಣ್ಣ ಮೇಲೆ ನಿಂತು, ಕ್ಯಾಮೆರಾವನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ನೆನೆದರು.

ಸಂಜೆ ಬಿಸಿನೀರು ಕುಡಿಯುತ್ತ ಅವರು ತಮ್ಮ ಸಮರ್ಥನೆಗೆ ಅಮೆರಿಕದ ಆಲ್ಫ್ರೆಡ್ ಸ್ಟೀಗ್ಲಿಟ್ಸ್‌ನನ್ನು ತಂದರು. ಛಾಯಾಗ್ರಹಣವನ್ನು ಕಲೆ ಎಂದು ಒಪ್ಪಿಸಲು ಜೀವಮಾನವಿಡೀ ಹೊಡೆದಾಡಿದವನು. ಅವನು ತೆಗೆದ ಭಾವಚಿತ್ರಗಳ ಶಕ್ತಿಯೆಲ್ಲ ಎದುರಿಗೆ ಕೂತವರ ಮೇಲೆ ಅವನು ಮಾಡುವ ಮೋಡಿಯಿಂದ ಬಂದದ್ದು ಎಂದು ಯಾರೋ ಬರೆದರಂತೆ. ಹಾಗಾದರೆ ಯಾರ ಮೋಡಿಗೂ ಸಿಗದ್ದನ್ನು ತೆಗೆಯುತ್ತೇನೆ ಎಂದು 1922ರಿಂದ ಮೋಡಗಳ ಕಡೆ ಕ್ಯಾಮೆರಾ ತಿರುಗಿಸಿದ, ಹತ್ತು ವರ್ಷಕ್ಕೂ ಹೆಚ್ಚು ಕಾಲ ಬಿಡಲಿಲ್ಲ. ಬರೀ ಕಪ್ಪು ಬಿಳುಪು. ಹೆಚ್ಚಿನವುಗಳಲ್ಲಿ ನೆಲವಿಲ್ಲ, ಮರವಿಲ್ಲ, ಮೇಲೆ ಯಾವುದು ಕೆಳಗೆ ಯಾವುದು ಎಂದೂ ತಿಳಿಯುವುದಿಲ್ಲ. ಇಷ್ಟೆಲ್ಲವನ್ನೂ ಅತ್ತಿಗೆ ರೊಟ್ಟಿ ತಟ್ಟುತ್ತಲೇ ಕೇಳಿದರು.

"ಅವರಿಗೆ ಕಣ ಇತ್ತೇನ್ರೀ?"

ಮೋಡಣ್ಣ ಬಿಸಿನೀರು ಮುಗಿಸಿದರು.

ಮೂಡಿಗೆರೆಯಲ್ಲಿ ಹೆಗಲಿಗೆ ಕ್ಯಾಮೆರಾ ಏರಿಸಿದವರಿಗೆ ಇನ್ನೂ ಒಂದು ಕಷ್ಟವಿದೆ. ಪೂರ್ಣಚಂದ್ರ ತೇಜಸ್ವಿ ಇದೇ ಊರಿನ ತೋಟದಲ್ಲಿದ್ದುಕೊಂಡು ಹಕ್ಕಿಗಳ ಹಿಂದೆ ಕ್ಯಾಮೆರಾ ಹಿಡಿದು ಅಲೆದವರು. ಅವರು ತೀರಿಕೊಂಡದ್ದು 2007ರ ಏಪ್ರಿಲ್‌ನಲ್ಲಿ. ಆದರೂ ಪೇಟೆಯಲ್ಲಿ ಒಂದು ವಯಸ್ಸು ದಾಟಿದ ಗಂಡಸರೆಲ್ಲ ಒಂದೋ ಅವರ ಜೊತೆ ಮೀನಿಗೆ ಗಾಳ ಹಾಕಿದವರು, ಇಲ್ಲವೇ ಅವರ ಸ್ಕೂಟರು ತಳ್ಳಿದವರು. ಈಗ ಲೆಕ್ಕ ಹಾಕಿದರೆ ಆ ಸ್ಕೂಟರು ಪೆಟ್ರೋಲು ಕುಡಿದದ್ದೇ ಇಲ್ಲ ಅನ್ನಬೇಕು. ಇಂಥವರ ಮುಂದೆ ಮೋಡಣ್ಣ ಟ್ರೈಪಾಡು ಹಿಡಿದು ಟೀ ಕುಡಿಯಲು ಬಂದರೆ ಮಾತು ಬಂದೇ ಬರುತ್ತದೆ.

"ತೇಜಸ್ವಿ ಹಕ್ಕಿ ತೆಗೆದ್ರು. ಹಕ್ಕಿಗೆ ಹೆಸರಿದೆ, ಪುಕ್ಕ ಇದೆ. ಇದೆಂತದು ಮಾರಾಯ್ರೆ, ಹೊಗೆ ತೆಗೆದ ಹಾಗೆ?"

"ಮೋಡಕ್ಕೂ ಹೆಸರಿದೆ," ಎಂದು ಮೋಡಣ್ಣ ಕುರ್ಚಿ ಎಳೆದುಕೊಳ್ಳುತ್ತಾರೆ. 1802ರಲ್ಲಿ ಲಂಡನ್ನಿನ ಲ್ಯೂಕ್ ಹೊವಾರ್ಡ್, ಔಷಧಿ ತಯಾರಿಸುತ್ತಿದ್ದ ಮನುಷ್ಯ, ಒಂದು ಸಣ್ಣ ಸಭೆಯಲ್ಲಿ ಎದ್ದು ನಿಂತು ಮೋಡಗಳಿಗೆ ಲ್ಯಾಟಿನ್ ಹೆಸರಿಟ್ಟ. ಗುಡ್ಡೆ ಹಾಕಿದಂತಿದ್ದರೆ ಕ್ಯುಮುಲಸ್, ಹಾಸಿಕೊಂಡಿದ್ದರೆ ಸ್ಟ್ರೇಟಸ್, ಕೂದಲೆಳೆಯಂತಿದ್ದರೆ ಸಿರಸ್, ಮಳೆ ಸುರಿಸಿದರೆ ನಿಂಬಸ್. ಈಗ ವಿಶ್ವ ಹವಾಮಾನ ಸಂಸ್ಥೆಯ ಮೋಡಗಳ ಅಟ್ಲಾಸಿನಲ್ಲಿ ಮುಖ್ಯ ಕುಲಗಳು ಹತ್ತು. ಅದರ ಕೆಳಗೆ ಜಾತಿ, ಉಪಜಾತಿ. 2017ರಲ್ಲಿ ಹೊಸದಾಗಿ ಕೆಲವನ್ನು ಸೇರಿಸಿದರು ಕೂಡ.

ಜಾತಿ ಉಪಜಾತಿ ಎಂದಕೂಡಲೇ ಬೆಂಚಿನಲ್ಲಿದ್ದವರಿಗೆ ಆಸಕ್ತಿ ಹುಟ್ಟಿತು. ಆದರೆ ಮೂಲೆಯಲ್ಲಿದ್ದ ಹಿರಿಯರೊಬ್ಬರು ಹತ್ತೂ ಕುಲವನ್ನು ಒಂದೇ ಏಟಿಗೆ ಮುಗಿಸಿದರು. "ಅಷ್ಟೆಲ್ಲ ಎಂತಕ್ಕೆ? ಇರೋದು ಮೂರೇ. ಬರೋ ಮೋಡ, ಬಾರದ ಮೋಡ, ರಸ್ತೆ ಆಚೆ ಹೋಗೋ ಮೋಡ."

ನನಗೆ ಕೇಳಿದರೆ ಹೊವಾರ್ಡನಿಗಿಂತ ಇದರಲ್ಲೇ ಶಾಸ್ತ್ರ ಜಾಸ್ತಿ. ಮಾರ್ಚಿನಲ್ಲಿ ಮೋಡದ ಹೊಟ್ಟೆಯಿಂದ ಮಳೆಯ ಪರದೆ ಇಳಿಯುವುದು ಕಣ್ಣಿಗೆ ಕಾಣುತ್ತದೆ, ಒಣಗಾಳಿಯಲ್ಲಿ ನೆಲ ಮುಟ್ಟುವ ಮೊದಲೇ ಆವಿಯಾಗಿ ಹೋಗುತ್ತದೆ. ಮೋಡಣ್ಣ ಅದಕ್ಕೆ ವರ್ಗಾ ಎನ್ನುತ್ತಾರೆ. ಅವರ ಅತ್ಯುತ್ತಮ ವರ್ಗಾ ಚಿತ್ರ ತೆಗೆದದ್ದು ಅವರದೇ ತೋಟದ ಮೇಲೆ. ಬಿಸಿಲು ಓರೆಯಾಗಿ ಬಿದ್ದು ಪರದೆ ಪೂರ್ತಿ ಚಿನ್ನ, ಕೆಳಗೆ ಬಾಯಿಬಿಟ್ಟುಕೊಂಡು ನಿಂತ ರೊಬಸ್ಟಾ. ಅದಕ್ಕೆ ಅವರು ಕೊಟ್ಟ ಶೀರ್ಷಿಕೆ 'ಅನುಗ್ರಹ'. ಬೆಳೆಗಾರರ ಗ್ರೂಪಿನಲ್ಲಿ ಬಂದ ಒಂದೇ ಉತ್ತರ: "ಎಷ್ಟು ಸೆಂಟು?"

ಸೂರ್ಯಾಸ್ತಕ್ಕೆ ಅವರ ಕ್ಷೇತ್ರ ಹೊರನಾಡಿನ ಹತ್ತಿರದ ಕ್ಯಾತನಮಕ್ಕಿ. ಮುಳ್ಳಯ್ಯನಗಿರಿ ಕರ್ನಾಟಕದ ಅತಿ ಎತ್ತರದ ಶಿಖರವೇ ಇರಬಹುದು, ಆದರೆ ಶನಿವಾರ ಭಾನುವಾರ ಕೈಮರದಿಂದಲೇ ಗಾಡಿ ಸಾಲು ಹಿಡಿಯುವುದರಿಂದ ಅಲ್ಲಿ ಸೂರ್ಯ ಮುಳುಗುವುದು ಮುಂದಿನ ಕಾರಿನ ಡಿಕ್ಕಿಯ ಹಿಂದೆ. ಕ್ಯಾತನಮಕ್ಕಿಗೆ ಬಾಡಿಗೆ ಜೀಪೇ ಆಗಬೇಕು. ಆ ದಾರಿಯಲ್ಲಿ ಜೀಪು ಚಲಿಸುತ್ತದೆ ಅನ್ನುವುದಕ್ಕಿಂತ ಜೀಪಿನೊಳಗೆ ನಾವು ಚಲಿಸುತ್ತೇವೆ. ಮೇಲೆ ಹೋದರೆ ಬೋಳು ಹುಲ್ಲುಗುಡ್ಡ, ಎದುರಿಗೆ ಘಟ್ಟದ ಸಾಲಿನ ಹಿಂದೆ ಸಾಲು.

ನಾವು ಹೋದ ಸಂಜೆ ಬೇರೆ ಜೀಪುಗಳಲ್ಲಿ ಬಂದವರು ಸೂರ್ಯನನ್ನು ಅಂಗೈಯಲ್ಲಿ ಹಿಡಿದು, ಬೆರಳ ತುದಿಯಲ್ಲಿ ಕೂರಿಸಿ, ಕೆಲವರು ನುಂಗಿಯೂ ಫೋಟೋ ತೆಗೆಸಿಕೊಂಡರು. ಸೂರ್ಯ ಮುಳುಗಿದ. ಚಪ್ಪಾಳೆ ತಟ್ಟಿದರು. ಸಿನಿಮಾ ಮುಗಿದಂತೆ ಎಲ್ಲ ಎದ್ದು ಹೋದರು. ಮೋಡಣ್ಣ ಅಲ್ಲಾಡಲಿಲ್ಲ. ನಮ್ಮ ಜೀಪಿನ ಹುಡುಗ ಎರಡು ಸಲ ಹಾರ್ನ್ ಹೊಡೆದು, ಕೊನೆಗೆ ಇಳಿದು ಬಂದ.

"ಸೂರ್ಯ ಹೋದ್ನಲ್ಲ ಸಾರ್. ಇನ್ನೆಂತ ಉಂಟು?"

"ಈಗಲೇ ಇರೋದು."

"ಎಂತ ಇರೋದು? ಕತ್ತಲೆಯಾ?"

ಇದೊಂದು ವಿಷಯದಲ್ಲಿ ಮೋಡಣ್ಣ ಹೇಳುವುದು ನೂರಕ್ಕೆ ನೂರು ಸರಿ. ಸೂರ್ಯ ನೆಲದ ಅಂಚಿನಿಂದ ಕೆಳಗಿಳಿದರೂ ಆರೇಳು ಕಿಲೋಮೀಟರಿಗೂ ಮೇಲೆ ಹಿಮದ ಹರಳಿನಿಂದಾದ ಸಿರಸ್ ಮೋಡಗಳಿಗೆ ಅವನಿನ್ನೂ ಕಾಣುತ್ತಿರುತ್ತಾನೆ. ಅಲ್ಲಿಗೆ ಬರುವ ಬೆಳಕು ವಾತಾವರಣದಲ್ಲಿ ಅಷ್ಟು ದೂರ ಹಾದು ಬರುವಾಗ ನೀಲಿಯನ್ನು ದಾರಿಯಲ್ಲೇ ಚೆಲ್ಲಿ ಬಂದಿರುತ್ತದೆ. ಉಳಿದದ್ದು ಕೆಂಪು. ಹತ್ತು ಹದಿನೈದು ನಿಮಿಷ ಕಳೆದ ಮೇಲೆ, ಎಲ್ಲ ಜೀಪುಗಳೂ ಇಳಿದು ಹೋದ ಮೇಲೆ, ಬೂದಿಯಾಗಿದ್ದ ಮೋಡಕ್ಕೆ ಕೆಳಗಡೆಯಿಂದ ಬೆಂಕಿ ಹತ್ತಿಕೊಂಡಿತು. ಜೀಪಿನ ಹುಡುಗ ಕೀ ಕೈಯಲ್ಲಿ ಹಿಡಿದುಕೊಂಡೇ ನಿಂತ. ದಿನಾ ಗಾಡಿ ಹೊಡೆದರೂ ಇದನ್ನು ನೋಡೇ ಇಲ್ಲ ಎಂದ. ನೋಡುವುದು ಹೇಗೆ, ಆ ಹೊತ್ತಿಗೆ ದಿನವೂ ಅವನು ಎರಡನೇ ಗೇರಿನಲ್ಲಿ ಇಳಿಜಾರು ನೋಡುತ್ತಿರುತ್ತಾನೆ. ಆಮೇಲೆ ವೇಟಿಂಗ್ ಚಾರ್ಜು ಕೇಳಿದ, ಮೋಡಣ್ಣ ಖುಷಿಯಿಂದ ಕೊಟ್ಟರು.

ಆದರೆ ಎಲ್ಲ ಕೆಂಪೂ ಸೂರ್ಯನದ್ದಲ್ಲ. ಫೆಬ್ರವರಿ ಮಾರ್ಚಿನಲ್ಲಿ ಹುಲ್ಲುಗುಡ್ಡಗಳು ಒಣಗಿ ನಿಂತಿರುತ್ತವೆ. ಒಂದು ಬೀಡಿ ಸಾಕು. ಹೊಗೆಯ ಕಣಗಳು ಗಾಳಿಗೇರಿದರೆ ಸಂಜೆಯ ಸೂರ್ಯ ಕುಂಕುಮದ ಬಣ್ಣಕ್ಕೆ ತಿರುಗುತ್ತಾನೆ, ಕಣ್ಣು ಕಿರಿದು ಮಾಡದೆ ನೋಡಬಹುದು. ಮೋಡಣ್ಣನವರ ಹಳೆಯ ಒಳ್ಳೊಳ್ಳೆ ಚಿತ್ರಗಳ ಹಿಂದೆ ಯಾವುದೋ ಗುಡ್ಡ ಉರಿದ ಕಥೆ ಇದೆ. ಇದು ಅವರಿಗೆ ಗೊತ್ತಾದ ಸಂಜೆ ಸ್ವಲ್ಪ ಮುಜುಗರದ್ದು. ಕತ್ತಲಾದ ಮೇಲೂ ಆರದ ಕೆಂಪೊಂದನ್ನು ಅವರು ಮೈಮರೆತು ಬೇರೆ ಬೇರೆ ಎಕ್ಸ್‌ಪೋಷರಿನಲ್ಲಿ ತೆಗೆಯುತ್ತಿದ್ದರು. ಹಸಿಸೊಪ್ಪಿನ ಕೊಂಬೆ ಹಿಡಿದು ಓಡಿಬರುತ್ತಿದ್ದ ಫಾರೆಸ್ಟ್ ವಾಚರ್ ಒಬ್ಬರು ಇವರ ಟ್ರೈಪಾಡು ಎಡವಿ ನಿಂತರು. "ಸಾರ್, ಅದು ಉತ್ತರ ದಿಕ್ಕು. ಸೂರ್ಯ ಅಲ್ಲಿ ಯಾವಾಗ ಮುಳುಗಿದ?"

ಅವತ್ತು ಮೋಡಣ್ಣ ಕ್ಯಾಮೆರಾ ಜೀಪಿನಲ್ಲಿಟ್ಟು ರಾತ್ರಿ ಹನ್ನೊಂದರವರೆಗೆ ಸೊಪ್ಪು ಬಡಿದರು. ಮನೆಗೆ ಬಂದು, ಹುಬ್ಬು ಅರ್ಧ ಸೀದುಕೊಂಡಿದ್ದರೂ, ನನಗೆ ಫೋನು ಮಾಡಿ ಕ್ರಾಕಟೋವಾದ ಕಥೆ ಹೇಳಿದರು. 1883ರಲ್ಲಿ ಇಂಡೋನೇಷ್ಯಾದ ಆ ಜ್ವಾಲಾಮುಖಿ ಸಿಡಿದು ಅದರ ಧೂಳು, ಅನಿಲ ಭೂಮಿಯನ್ನೇ ಸುತ್ತಿಕೊಂಡಾಗ ತಿಂಗಳುಗಟ್ಟಲೆ ಜಗತ್ತಿನ ಸಂಜೆಗಳು ರಕ್ತವಾದವು. ಲಂಡನ್ನಿನ ವಿಲಿಯಂ ಆಸ್ಕ್ರಾಫ್ಟ್ ಎಂಬ ಚಿತ್ರಕಾರ ಬಣ್ಣದ ಕಡ್ಡಿ ಹಿಡಿದು ಥೇಮ್ಸ್ ದಂಡೆಯಲ್ಲಿ ಕೂತು ಐನೂರಕ್ಕೂ ಹೆಚ್ಚು ಚಿತ್ರ ಬರೆದ. ಅಮೆರಿಕದ ಪೊಕಿಪ್ಸಿಯಲ್ಲಿ ಜನ ಊರಿಗೇ ಬೆಂಕಿ ಬಿತ್ತೆಂದು ಅಗ್ನಿಶಾಮಕದವರನ್ನು ಕರೆಸಿದರು. "ನೋಡು ಮಾರಾಯ, ಅವರು ಸಂಜೆಯನ್ನ ಬೆಂಕಿ ಅಂದ್ಕೊಂಡ್ರು. ನಾನು ಬೆಂಕಿಯನ್ನ ಸಂಜೆ ಅಂದ್ಕೊಂಡೆ. ಲೆಕ್ಕ ಚುಕ್ತಾ."

ಊರಿನವರು ಇದನ್ನೆಲ್ಲ ತಮಾಷೆ ಎಂದೇ ಸಹಿಸಿಕೊಂಡಿದ್ದರು. ಮಾತು ಪಂಚಾಯ್ತಿಗೆ ಹೋದದ್ದು ಬಣ್ಣದ ವಿಷಯಕ್ಕೆ. ಮಗಳು ಕಂಪ್ಯೂಟರಿನಲ್ಲಿ ಹಾಕಿಕೊಟ್ಟ ಎಡಿಟಿಂಗ್ ಸಾಫ್ಟ್‌ವೇರು ಕೈಗೆ ಬಂದ ಮೇಲೆ ಮೋಡಣ್ಣ ಕಾಂಟ್ರಾಸ್ಟ್ ಎಂಬ ಪಟ್ಟಿಯನ್ನು ಬಲಗಡೆಗೆ ಎಳೆಯುವ ರುಚಿ ಕಂಡರು. ಎಳೆದಷ್ಟೂ ಮೋಡ ಕಪ್ಪು. ಒಂದು ಸಂಜೆ ಬಲ್ಲಾಳರಾಯನದುರ್ಗದ ಮೇಲೆ ಅಡ್ಡಾಡುತ್ತಿದ್ದ ಬಡಪಾಯಿ ಮೋಡವೊಂದನ್ನು ಹೀಗೆ ಎಳೆದೆಳೆದು ಪ್ರಳಯ ಮಾಡಿ ಗ್ರೂಪಿಗೆ ಹಾಕಿದರು. ಕೆಳಗಿನ ತೋಟದವರು ಅದನ್ನು ನೋಡಿ, ಹಾಕಿದ ಸ್ಪ್ರಿಂಕ್ಲರ್ ಪೈಪು ಬಿಚ್ಚಿಸಿ, ಡೀಸೆಲ್ ಉಳಿಯಿತೆಂದು ಆಳುಗಳಿಗೆ ರಜೆ ಕೊಟ್ಟು, ರೇನ್‌ಗೇಜು ತೊಳೆದಿಟ್ಟು ಮಲಗಿದರು. ಬೆಳಿಗ್ಗೆ ರೇನ್‌ಗೇಜಿನಲ್ಲಿ ಒಂದು ಇರುವೆ ಇತ್ತು. ಮರುದಿನವೂ ಇತ್ತು. ಬೆಂಗಳೂರಿನಿಂದ ಬಂದ ಅವರ ಅಳಿಯ ಫೋಟೋವನ್ನು ಹಿಗ್ಗಿಸಿ ನೋಡಿ "ಮಾವ, ಇದು ಮಳೆಯಲ್ಲ, ಎಡಿಟ್ಟು" ಎಂದ.

"ಎಂಥ ಸಾವು ಮಾರಾಯ್ರೆ ಇದು! ಮೋಡಕ್ಕೂ ಕಲಬೆರಕೆ ಮಾಡ್ತಾರಾ?" ಎಂದು ಅವರು ಕಿರುಚಿದ್ದು ನಮ್ಮ ತೋಟದವರೆಗೂ ಕೇಳಿತು. ಮೆಣಸಿಗೆ ಪಪ್ಪಾಯಿ ಬೀಜ, ಕಾಫಿ ಪುಡಿಗೆ ಚಿಕೋರಿ ಬೆರೆಸುವುದನ್ನು ನೋಡಿದವರಿಗೂ ಇದು ಹೊಸದು. ಕ್ಲಬ್ಬಿನಲ್ಲಿ ನಾಲ್ಕು ಜನ ಹಿರಿಯರು ಕೂತರು. ಮೋಡಣ್ಣ ತಮ್ಮ ಪರವಾಗಿ ತಾವೇ ವಾದಿಸಿದರು: ಕಣ್ಣಿಗೆ ಕಂಡದ್ದನ್ನು ಕ್ಯಾಮೆರಾ ಪೂರ್ತಿ ಹಿಡಿಯಲಾರದು, ಬಿಟ್ಟದ್ದನ್ನು ತಾನು ತುಂಬಿಕೊಡುತ್ತೇನೆ ಅಷ್ಟೆ, ಡಾರ್ಕ್‌ರೂಮಿನ ಕಾಲದಿಂದಲೂ ದೊಡ್ಡ ದೊಡ್ಡವರು ಇದನ್ನೇ ಮಾಡಿದ್ದಾರೆ. ಒಬ್ಬ ಹಿರಿಯರು ಕೇಳಿದರು, "ಅದು ಸರಿ. ತುಂಬಿಕೊಡೋದಾದ್ರೆ ರೇನ್‌ಗೇಜು ತುಂಬಿಕೊಡಿ."

ತೀರ್ಪು ಹೀಗಾಯಿತು. ಫೆಬ್ರವರಿಯಿಂದ ಏಪ್ರಿಲ್ ಕೊನೆಯವರೆಗೆ ಮೋಡಣ್ಣ ಗ್ರೂಪಿಗೆ ಜೋಡಿ ಫೋಟೋ ಹಾಕಬೇಕು, ಬಣ್ಣ ಎಳೆದದ್ದೊಂದು, ಎಳೆಯದ್ದೊಂದು. ಎಳೆದದ್ದರ ಕೆಳಗೆ 'ಮಳೆಗೆ ಸಂಬಂಧವಿಲ್ಲ' ಎಂದು ಬರೆಯಬೇಕು. ದಿಕ್ಕು, ಗಂಟೆ ಹಾಕುವುದು ಕಡ್ಡಾಯ.

ಇದರಿಂದ ಮೋಡಣ್ಣನವರಿಗೆ ಆದ ಅವಮಾನ ಅವರೊಬ್ಬರಿಗೇ ಗೊತ್ತು. 'ಮಳೆಗೆ ಸಂಬಂಧವಿಲ್ಲ' ಎಂಬ ಬರಹ ಹೊತ್ತ ಚಿತ್ರಕ್ಕೆ ಅಮೆರಿಕದಲ್ಲಿರುವ ಸೋದರಳಿಯ ಒಬ್ಬನೇ ಹೆಬ್ಬೆರಳು ಎತ್ತುತ್ತಾನೆ, ಅದೂ ಅವನ ಬೆಳಗಾದ ಮೇಲೆ. ಬಣ್ಣ ಎಳೆಯದ ಪೇಲವ ಚಿತ್ರಕ್ಕೆ ಮಾತ್ರ ನಿಮಿಷದೊಳಗೆ ಉತ್ತರಗಳ ಸುರಿಮಳೆ. "ಥ್ಯಾಂಕ್ಸ್ ಮೋಡಣ್ಣ, ಪೈಪು ಹಾಕಿಸ್ತೀನಿ." "ಮೂಡಲ ದಿಕ್ಕಿನದೂ ಒಂದು ಬಿಡಿ." "ಅಂಚು ಕತ್ತರಿಸಬೇಡಿ, ನಮ್ಮ ತೋಟ ಆ ಅಂಚಲ್ಲೇ ಇರೋದು." ಕಣದಲ್ಲಿ ಕಾಫಿ ಹರಡಿದವರು, ಮದುವೆಗೆ ಪೆಂಡಾಲು ಹಾಕಿಸುವವರು, ಮನೆಗೆ ಸುಣ್ಣ ಹೊಡೆಸುವವರು ಎಲ್ಲ ಇವರ ಗಿರಾಕಿಗಳಾದರು. ಬಣ್ಣಕ್ಕಾಗಿ ಗುಡ್ಡ ಹತ್ತಿದ ಮನುಷ್ಯ ಹವಾಮಾನ ಇಲಾಖೆಯ ಸಂಬಳವಿಲ್ಲದ ನೌಕರನಾಗಿ ಇಳಿದರು.

ಈ ಸಲದ ಹೂಮಳೆ ಬಂದದ್ದು ರಾತ್ರಿ ಎರಡು ಗಂಟೆಗೆ, ಯಾವ ಫೋಟೋದಲ್ಲೂ ಮುನ್ಸೂಚನೆ ಕೊಡದೆ. ಎಲ್ಲರಿಗೂ ಇಂಚಿನ ಮೇಲೇ ಬಿತ್ತು, ರಸ್ತೆ ಈಚೆಗೂ. ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗಿ, ಮಲ್ಲಿಗೆಯಂಥ ವಾಸನೆ ಮನೆಯ ಒಳಗೆಲ್ಲ ತುಂಬಿಕೊಂಡಿತು. ಬೆಂಗಳೂರಿನಿಂದ ಬಂದವರು ರಸ್ತೆ ಬದಿ ಕಾರು ನಿಲ್ಲಿಸಿ ಹೂವಿನ ನಡುವೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅವರ ಮಧ್ಯದಲ್ಲಿ ಹೂವಿಗೆ ಬೆನ್ನು ಹಾಕಿ ಕ್ಯಾಮೆರಾವನ್ನು ಮೇಲಕ್ಕೆ ಹಿಡಿದಿದ್ದ ಒಬ್ಬರನ್ನು ಕಂಡು ಒಂದು ಮಗು ತಾನೂ ಮೇಲೆ ನೋಡಿತು. ಮೇಲೆ ಏನೂ ಇರಲಿಲ್ಲ. ಅವತ್ತು ಆಕಾಶ ಬೋಳು.

ಕೆಳಗಿನಿಂದ ಎಷ್ಟು ತೆಗೆದರೂ ಅಷ್ಟೆ, ಮೋಡದ ಬೆನ್ನು ಕಾಣಬೇಕು ಎನ್ನುವುದು ಮೋಡಣ್ಣನವರ ಹೊಸ ಹಂಬಲ. ಮೊನ್ನೆ ನಾನು ಹೋದಾಗ ಮೇಜಿನ ಮೇಲೆ ಡ್ರೋನಿನ ಕ್ಯಾಟಲಾಗು ಇತ್ತು. ಈ ಸಲ ರಿಪೇರಿಯ ಸುಳ್ಳು ನಡೆಯುವಂತಿಲ್ಲ, ಹಾರುವ ವಸ್ತು ಹಳೇದು ಮನೆಯಲ್ಲಿ ಇರಲೇ ಇಲ್ಲ. ಅದಕ್ಕೆ ನನ್ನ ಎದುರಿಗೇ ವಿಷಯ ತೆಗೆದರು. ಅತ್ತಿಗೆ ಕಾಫಿ ಲೋಟ ಇಟ್ಟು, ಕ್ಯಾಟಲಾಗು ಕೈಗೆತ್ತಿಕೊಂಡು, ಕನ್ನಡಕ ಹಾಕಿಕೊಂಡು, ನಾವಿಬ್ಬರೂ ಊಹಿಸದಷ್ಟು ನಿಧಾನವಾಗಿ ಕೊನೆಯ ಪುಟದವರೆಗೆ ಓದಿದರು.

"ತಗೊಳ್ರಿ," ಎಂದರು. "ಈ ಹಿಂದಿನ ಪುಟದಲ್ಲಿರೋದು ತಗೊಳ್ಳಿ, ಹತ್ತು ಲೀಟರಿನ ಟ್ಯಾಂಕ್ ಇರೋದು. ಅಡಿಕೆಗೆ ಬೋರ್ಡೋ ಹೊಡೆಯೋಕೆ ಆಳು ಸಿಗ್ತಾ ಇಲ್ಲ. ಅದು ಮುಗಿದ ಮೇಲೆ ಮೇಲೆ ಎಲ್ಲಿಗೆ ಬೇಕಾದ್ರೂ ಕಳಿಸಿ."

ಮೋಡಣ್ಣ ತುಂಬ ಹೊತ್ತು ಆ ಪುಟವನ್ನೇ ನೋಡಿದರು. ಆಮೇಲೆ ನನ್ನ ಕಡೆ ಬಾಗಿ, ಟ್ಯಾಂಕಿನ ಯಾವ ಪಕ್ಕಕ್ಕೆ ಕ್ಯಾಮೆರಾ ಕಟ್ಟಿದರೆ ಸುಣ್ಣ ಸಿಡಿಯುವುದಿಲ್ಲ ಎಂದು ಮೆಲ್ಲಗೆ ಕೇಳಿದರು.